ಹಿಟ್ಟಿನ ಗಿರಣಿಯ ಎಂಜಿನ್ ಅಮೆರಿಕಕ್ಕೆ ಹೋದ ಕಥೆ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಭಾಷೆ ಕಲಿಸುವ ಶಿಕ್ಷಕನಿಗೆ ಎಂಜಿನ್ ವಿಷಯವೇಕೆ ಎಂದು ನೀವು ಕೇಳಬಹುದು. ಉರ್ದುವಿನಲ್ಲಿ ಪಾಠ ಹೇಳುವವನನ್ನೂ ಉಸ್ತಾದ್ ಎನ್ನುತ್ತೇವೆ, ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚುವವನನ್ನೂ ಉಸ್ತಾದ್ ಎನ್ನುತ್ತೇವೆ. ಆ ಒಂದು ಶಬ್ದದ ಧೈರ್ಯದ ಮೇಲೆ ಇಲ್ಲಿ ನಿಂತಿದ್ದೇನೆ.

ನಾನು ಚಿಕ್ಕವನಿದ್ದಾಗ ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಎರಡು ದೊಡ್ಡ ಗಾಲಿಗಳ ಡೀಸೆಲ್ ಎಂಜಿನ್ ಇತ್ತು. ಅದರ ಟುಕ್ ಟುಕ್ ಸದ್ದು ಕೇಳಿದ ಮೇಲೆಯೇ ಅಮ್ಮ ಜೋಳದ ಡಬ್ಬಿ ಕೊಟ್ಟು ಕಳಿಸುತ್ತಿದ್ದಳು. ಆ ಮಾದರಿಯ ಎಂಜಿನ್ ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿಯದು. 1930ರ ಸುಮಾರಿಗೆ ಅಲ್ಲಿ ತಯಾರಿಕೆ ಆರಂಭವಾದ ಸಿಎಸ್ ಸರಣಿಯ ಒಂದು ಮಾದರಿಗೆ ಒಂದೇ ಸಿಲಿಂಡರ್, ನಿಮಿಷಕ್ಕೆ ಕೇವಲ 650 ಸುತ್ತು, 6 ಅಶ್ವಶಕ್ತಿ. ಕೈಹಿಡಿಯಿಂದ ತಿರುಗಿಸಿದರೆ ಸಾಕು, ಬ್ಯಾಟರಿ ಬೇಡ. ಸಿಎಸ್ ಎಂದರೆ ಕೋಲ್ಡ್ ಸ್ಟಾರ್ಟ್, ತಣ್ಣಗಿರುವಾಗಲೇ ಹೊತ್ತಿಕೊಳ್ಳುವುದು ಎಂದರ್ಥ. ಇಂಗ್ಲೆಂಡಿನಲ್ಲಿ ಇದರ ತಯಾರಿಕೆ 1980ರ ದಶಕದಲ್ಲಿ ನಿಂತುಹೋಯಿತು. ಆದರೆ ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಅದೇ ಮಾದರಿಯನ್ನು ಎರಕ ಹೊಯ್ಯುತ್ತಲೇ ಇದ್ದವು. ರೈತರ ಪಂಪಿಗೆ, ಗಿರಣಿಗೆ ಅದು ಬೇಕಾಗಿತ್ತು.

2000ರ ಆಸುಪಾಸಿನಲ್ಲಿ ಈ ರಾಜಕೋಟೆಯ ಎಂಜಿನ್‌ಗಳನ್ನು ಅಮೆರಿಕದ ಹವ್ಯಾಸಿಗಳು ತರಿಸಿಕೊಳ್ಳತೊಡಗಿದರು. ಅವರು ಇದಕ್ಕೆ 'ಲಿಸ್ಟರಾಯ್ಡ್' ಎಂದು ಹೆಸರಿಟ್ಟರು. ಕರೆಂಟ್ ತಂತಿ ತಲುಪದ ಕಾಡುಮನೆಗಳಲ್ಲಿ ವಾಸಿಸುವವರು ಕೆಲವರು, ತಂತಿ ಇದ್ದರೂ ಬೇಡವೆಂದವರು ಇನ್ನು ಕೆಲವರು. ಅಲ್ಲಿ ಅಂಗಡಿಯಲ್ಲಿ ಸಿಗುವ ಅಗ್ಗದ ಜನರೇಟರ್ ನಿಮಿಷಕ್ಕೆ 3600 ಸುತ್ತು ತಿರುಗುತ್ತದೆ, ಕಿವಿ ಕಿವುಡಾಗುತ್ತದೆ, ದಿನವೆಲ್ಲ ಓಡಿಸಿದರೆ ಬೇಗ ಸವೆಯುತ್ತದೆ. ನಿಧಾನ ಓಡುವ ಎಂಜಿನ್ ಹೆಚ್ಚು ಬಾಳುತ್ತದೆ. ಅದರಿಂದ ಬೆಲ್ಟ್ ಹಾಕಿ 1800 ಸುತ್ತಿನ ಜನರೇಟರ್ ತಿರುಗಿಸಿದರೆ ದೀಪ, ಫ್ರಿಜ್, ಬಾವಿಯ ಪಂಪು ಎಲ್ಲವೂ ನಡೆಯುತ್ತವೆ. ಎಂಜಿನ್ 650, ಜನರೇಟರ್ 1800 ಸುತ್ತು ಆದರೆ ರಾಟೆಗಳ ಅಳತೆ ಎಷ್ಟಿರಬೇಕು? ಎಂಟನೆಯ ತರಗತಿಯವರು ಈಗಲೇ ಲೆಕ್ಕ ಹಾಕಿ.

ಇನ್ನು ನನ್ನ ಮನಸ್ಸಿಗೆ ಚುಚ್ಚಿದ ಮಾತು. ಹೊಸ ಎಂಜಿನ್ ಪೆಟ್ಟಿಗೆಯಿಂದ ಹೊರಗೆ ಬಂದರೆ ಆ ಹವ್ಯಾಸಿಗಳು ಅದನ್ನು ಚಾಲೂ ಮಾಡುತ್ತಿರಲಿಲ್ಲ. ಮೊದಲು ಪೂರ್ತಿ ಬಿಚ್ಚುತ್ತಿದ್ದರು. ಏಕೆಂದರೆ ಒಳಗೆ ಎರಕದ ಮರಳು ಉಳಿದಿರುತ್ತಿತ್ತು. ಈ ಎಂಜಿನ್‌ನಲ್ಲಿ ಕೆಳಗಿನ ಎಣ್ಣೆಯನ್ನು ಒಂದು ಸಣ್ಣ ಸೌಟು ಚಿಮ್ಮಿಸುತ್ತದೆ. ಎಣ್ಣೆಯೊಡನೆ ಮರಳೂ ಚಿಮ್ಮಿದರೆ ಬೇರಿಂಗ್ ಏನಾಗಬೇಕು? ಎಲ್ಲ ಕಾರ್ಖಾನೆಗಳೂ ಹೀಗೆ ಮಾಡುತ್ತಿದ್ದವು ಎನ್ನಲಾರೆ, ಚೆನ್ನಾಗಿ ತೊಳೆದು ಕಳಿಸಿದವರೂ ಇದ್ದರು. ಆದರೆ ಹೆಸರು ಕೆಟ್ಟದ್ದು ಎಲ್ಲರದೂ. ಉರ್ದುವಿನ 'ಹುನರ್' ಕನ್ನಡಕ್ಕೆ ಬಂದು 'ಹುನ್ನಾರ' ಆಗಿ, ಕುಶಲತೆ ಹೋಗಿ ಕುತಂತ್ರ ಎಂಬ ಅರ್ಥ ಪಡೆದಿದೆ. ಮರಳಿನ ಕಥೆ ಓದಿದಾಗ ಆ ಶಬ್ದ ನೆನಪಾಯಿತು. ಒಂದು ದಿನ ಹೆಚ್ಚು ತೊಳೆದಿದ್ದರೆ ಸಾಕಿತ್ತು.

ಆದರೂ ಆ ಜನ ಬೇಸರಿಸಲಿಲ್ಲ. ಬಿಚ್ಚಿ, ತೊಳೆದು, ಉಜ್ಜಿ ಜೋಡಿಸಿದರು. ಬಿಚ್ಚಿದ್ದರಿಂದಲೇ ಪ್ರತಿ ಭಾಗವೂ ಅವರಿಗೆ ಪರಿಚಯವಾಯಿತು. ಡೀಸೆಲ್ಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ನೀರಿಗೂ ಹೊಗೆಗೂ ಹೋಗುತ್ತದೆ ಎಂದು ನಾವು ಪರೀಕ್ಷೆಯಲ್ಲಿ ಬರೆದು ಮರೆಯುತ್ತೇವೆ. ಅವರಲ್ಲಿ ಹಲವರು ಆ ಬಿಸಿನೀರನ್ನೇ ಕೊಳವೆಯಲ್ಲಿ ಹರಿಸಿ ಚಳಿಗಾಲದಲ್ಲಿ ಮನೆ ಬೆಚ್ಚಗೆ ಮಾಡಿಕೊಂಡರು. ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿ ಇಂಧನ ಮಾಡಿಕೊಂಡರು. ಆ ಎಣ್ಣೆ ಮಂದ. ಆದ್ದರಿಂದ ಡೀಸೆಲ್ಲಿನಿಂದ ಆರಂಭಿಸಿ, ಎಂಜಿನ್ ಕಾದ ಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಡೀಸೆಲ್ಲಿಗೆ ಬರಬೇಕು. ಇದು ಹೊಸದಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಒಂದು ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿತ್ತು. ನಮ್ಮಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ನಡೆಸಿ ಹೊಲಕ್ಕೆ ನೀರೆತ್ತಿಸಿದ್ದರು.

ಹೊಗಳಿಕೆ ಸಾಕು. ಈ ಎಂಜಿನ್ ಹೊಗೆ ಕಾರುತ್ತದೆ. ಅಮೆರಿಕದ ಹೊಗೆ ನಿಯಮಗಳಿಗೆ ಹೊಂದದೆ ಅಲ್ಲಿಗೆ ಇದರ ಆಮದು ನಿಂತಿತು. ತಿರುಗುವ ಗಾಲಿಗೆ ಲುಂಗಿಯ ಅಂಚು ಸಿಕ್ಕಿದರೆ ಕೈಕಾಲು ಉಳಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಹೊಗೆಯ ವಿಷ ಪ್ರಾಣ ತೆಗೆಯುತ್ತದೆ, ಆದ್ದರಿಂದ ಮನೆಯಿಂದ ದೂರ ಬೇರೆ ಗೂಡು ಬೇಕು. ಈಗಂತೂ ಸೌರ ಫಲಕ ಅಗ್ಗವಾಗಿದೆ. ಮೋಡ ಕವಿದ ದಿನಗಳಿಗೆ, ಚಳಿಗಾಲಕ್ಕೆ ಮಾತ್ರ ಎಂಜಿನ್ ಚಾಲೂ ಮಾಡುವವರೇ ಹೆಚ್ಚು.

ನಮ್ಮೂರ ಗಿರಣಿಗೆ ಈಗ ಕರೆಂಟ್ ಮೋಟಾರು ಬಂದಿದೆ. ಹಳೆಯ ಎಂಜಿನ್ ಹಿತ್ತಲಲ್ಲಿ ತಗಡಿನ ಕೆಳಗೆ ಬಿದ್ದಿದೆ, ಒಂದು ಗಾಲಿಯ ಮೇಲೆ ಕೋಳಿ ಕೂರುತ್ತದೆ. ಗುಜರಿಗೆ ಹಾಕುವ ಮೊದಲು ಮಕ್ಕಳು ಬಿಚ್ಚಿ ನೋಡುವುದಾದರೆ ನೋಡಲಿ ಎಂದು ಮಾಲೀಕರು ಒಪ್ಪಿದ್ದಾರೆ. ಬರುವ ರವಿವಾರ ಬೆಳಿಗ್ಗೆ 9 ಗಂಟೆಗೆ ನಾನು ಅಲ್ಲಿರುತ್ತೇನೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಪಾನಾ ನಾನು ತರುತ್ತೇನೆ, ಸೀಮೆಎಣ್ಣೆ ಅವರ ಮನೆಯಲ್ಲೇ ಇದೆ.