ಅರ್ಕಾವೊತ್ತಿನ ಜಾಗದಲ್ಲಿ ಒಂಬತ್ತು



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಕರಡಚ್ಚನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದವರು. ಅವರ ಹೆಸರಿನ ವೇದಿಕೆಗೆ ಯಂತ್ರದ ತಿದ್ದುಪಡಿ ಕುರಿತು ಮಾತಾಡಲು ಕರೆದಿರಿ. ಅದು ನನಗೆ ದೊಡ್ಡ ಮಾನ, ಅಳುಕೂ ಇದೆ.

ಪೀಠಿಕೆ ಚಿಕ್ಕದು. ಬರಹ ತಿದ್ದುವ ತಂತ್ರಾಂಶಗಳು ಕೆಲವಿವೆ: ಕಾಗುಣಿತಕ್ಕೆ ಹನ್‌ಸ್ಪೆಲ್, ವ್ಯಾಕರಣಕ್ಕೆ ಲ್ಯಾಂಗ್ವೇಜ್‌ಟೂಲ್ (ಅದರಲ್ಲಿ ತಮಿಳಿದೆ, ಕನ್ನಡವಿಲ್ಲ), ಬರವಣಿಗೆಯ ನಿಯಮಗಳಿಗೆ ವೇಲ್, ತಲೆಬರಹ-ಪಟ್ಟಿಗಳ ಒಪ್ಪಕ್ಕೆ ಮಾರ್ಕ್‌ಡೌನ್‌ಲಿಂಟ್. ಅವನ್ನು ಅಳವಡಿಸುವ ಬಗೆ ಎಲ್ಲೆಡೆ ಸಿಗುತ್ತದೆ.

ನನ್ನ ತಕರಾರು ಅದಕ್ಕಿಂತ ಕೆಳಗಿನದು, ಅಕ್ಷರದ್ದೇ. ನಿಮ್ಮ ಊರುಗಳಾದ ಉಮರ್ಗಾ, ನಿಲಂಗಾ, ಉದಗೀರಗಳನ್ನೇ ತೆಗೆದುಕೊಳ್ಳಿ. ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಕನ್ನಡದಲ್ಲಿ ಈ ಹೆಸರುಗಳನ್ನು ಬರೆಯುವುದು ಇಂದಿನ ಮಾತಲ್ಲ. ಆದರೂ ‘ಉಮರ್ಗಾ’ ಎಂಬುದನ್ನು ‘ಉಮಗಾ೯’ ಎಂದು ಟೈಪು ಮಾಡುವವರಿದ್ದಾರೆ. ಕೊನೆಯಲ್ಲಿರುವುದು ಅರ್ಕಾವೊತ್ತಲ್ಲ, ಒಂಬತ್ತರ ಅಂಕಿ. ಕಣ್ಣಿಗೆ ಒತ್ತು ಗಾ ಆದಮೇಲೆ ಕಾಣುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಕೈ ಕಣ್ಣಿನ ಮಾತು ಕೇಳುತ್ತದೆ. ಮುದ್ರಿಸಿದರೆ ಯಾರಿಗೂ ಗೊತ್ತಾಗದು. ಕಡತದಲ್ಲಿ ಹುಡುಕಿದಾಗ ಮಾತ್ರ ಉಮರ್ಗಾ ಇಲ್ಲವೇ ಇಲ್ಲ.

ಕಾಗುಣಿತ ತಿದ್ದುವ ಯಂತ್ರದ ಪದಕೋಶ ಹಿಗ್ಗಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಮಿತ್ರರಿದ್ದಾರೆ. ಒಪ್ಪಲಾರೆ. ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ, ಪ್ರತ್ಯಯದ ಸರಮಾಲೆ ಅದಕ್ಕೆ ಹೊಸದಲ್ಲ. ಆದರೆ ಅದು ಸುಲಿಯುವುದು ಎರಡು ಪದರ. ‘ಊರಿನವರಿಗೂ’ ಎಂಬಲ್ಲಿ ಎಷ್ಟು ಪದರಗಳಿವೆ, ಎಣಿಸಿಕೊಳ್ಳಿ! ಪದರಗಳನ್ನು ಬೆಸೆದು ಒಂದೇ ಪ್ರತ್ಯಯವೆಂದು ಬರೆಯಬಹುದು ನಿಜ. ಆಗ ಪ್ರತ್ಯಯದ ಪಟ್ಟಿಯೇ ಪದಕೋಶವನ್ನು ನುಂಗುತ್ತದೆ. ಮಲಯಾಳಂನಲ್ಲಿ ಸಂತೋಷ್ ತೊಟ್ಟಿಂಗಲ್ ಪದಪಟ್ಟಿಯನ್ನು ನೆಚ್ಚದೆ ಪದರಚನೆಯ ವಿಶ್ಲೇಷಕವನ್ನೇ ಕಟ್ಟಿದರು. ನಮ್ಮ ದಾರಿಯೂ ಅದೇ.

ಇನ್ನೊಂದು ಪಕ್ಷದ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅಕ್ಷರಗಳನ್ನು ಬೆಸೆಯದಂತೆ ತಡೆಯುವ ಕಾಣದ ಚಿಹ್ನೆಯನ್ನು ಕಡತದಿಂದ ಗುಡಿಸಿಹಾಕಿ, ಹುಡುಕಾಟ ಸಲೀಸಾಗುತ್ತದೆ ಎನ್ನುತ್ತಾರೆ. ‘ಉದಗೀರ್‌ನಲ್ಲಿ’ ಎಂದು ಬರೆದದ್ದರಿಂದ ಅದನ್ನು ತೆಗೆದು ನೋಡಿ: ‘ಉದಗೀರ್ನಲ್ಲಿ’. ಊರಿನ ಕೊನೆಯಕ್ಷರ ಮುಂದಿನ ನಕಾರಕ್ಕೆ ಒತ್ತಾಗಿ ಅಂಟಿತು. ‘ಉದಗೀರದಲ್ಲಿ’ ಎಂದೇ ಬರೆಯಿರಿ ಎಂದರೆ ನನಗೂ ಇಷ್ಟ, ಆದರೆ ಅದು ಲೇಖಕರ ಆಯ್ಕೆ, ಯಂತ್ರದ್ದಲ್ಲ. ಹನ್‌ಸ್ಪೆಲ್‌ನ ಪ್ರತ್ಯಯ ಕಡತದಲ್ಲಿ, ಪದವನ್ನು ಕೋಶದಲ್ಲಿ ಹುಡುಕುವ ಮುನ್ನ ಕೆಲವು ಅಕ್ಷರಗಳನ್ನು ಬದಲಿಸುವ ಸೌಲಭ್ಯವಿದೆ. ಹುಡುಕುವಾಗಷ್ಟೇ ಚಿಹ್ನೆಯನ್ನು ಮರೆಸಲಿ, ಬರಹವನ್ನು ಮುಟ್ಟದಿರಲಿ.

ಹಾಗಾದರೆ ಅರ್ಕಾವೊತ್ತಿನ ಜಾಗಕ್ಕೆ ಬಂದ ಒಂಬತ್ತನ್ನು ಹಿಡಿಯುವವರಾರು? ವೇಲ್. ಅದಕ್ಕೆ ಕನ್ನಡ ಬಾರದು, ಬರಬೇಕಿಲ್ಲ. ಕನ್ನಡ ಅಕ್ಷರಕ್ಕೋ ಸ್ವರಚಿಹ್ನೆಗೋ ತಾಗಿಯೇ ೯ ಬಂದರೆ ಎಚ್ಚರಿಸು ಎಂಬ ನಿಯಮವನ್ನು ಕೆಲವೇ ಸಾಲಿನಲ್ಲಿ ಬರೆಯಬಹುದು. ‘೧೯೫೬’ರ ಒಂಬತ್ತು ಅಂಕಿಗೆ ತಾಗಿರುವುದರಿಂದ ಪಾರಾಗುತ್ತದೆ. ಪದದ ಗಡಿ ನೋಡುವ ವೇಲ್‌ನ ರೂಢಿಯನ್ನು ಮಾತ್ರ ಈ ನಿಯಮದಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ಪದದ ನಡುವಿನ ‘ಕನಾ೯ಟಕ’ ತಪ್ಪಿಸಿಕೊಂಡೀತು. ‘ಪುಟ೯’ ಎಂದು ಜಾಗ ಬಿಡದೆ ಬರೆದಲ್ಲಿ ಸುಳ್ಳು ಎಚ್ಚರಿಕೆ ಬರುತ್ತದೆ. ಆದ್ದರಿಂದ ಅದನ್ನು ದೋಷವೆಂದು ಸಾರದೆ ಎಚ್ಚರಿಕೆಯ ಮಟ್ಟದಲ್ಲೇ ಇಟ್ಟು, ತಿದ್ದುವುದನ್ನು ಮನುಷ್ಯರಿಗೆ ಬಿಡಬೇಕು. ಮೇಷ್ಟ್ರು ಇದ್ದಿದ್ದರೆ ಇಷ್ಟಕ್ಕಾದರೂ ಒಪ್ಪುತ್ತಿದ್ದರೆಂದು ನಂಬಿದ್ದೇನೆ.