ಸಿಕ್ಕ ದವಡೆ ನಾಯಿಯದೋ, ತೋಳದ್ದೋ?



ಮೋರಟಗಿಯ ಸುತ್ತಲಿನ ಎರೆಹೊಲಗಳಲ್ಲಿ ಕುರಿಹಿಂಡು ಇಳಿದರೆ ಹಿಂದೆ ನಾಯಿಯೂ ಇರುತ್ತದೆ. ಈ ಜೊತೆ ಎಷ್ಟು ಹಳೆಯದು ಎಂದು ಹುಡುಕುವವರಿಗೆ ಬಹುಮಟ್ಟಿಗೆ ಕೈಗೆ ಸಿಗುವುದು ಕೆಳದವಡೆ. ತಲೆಬುರುಡೆ ಮಣ್ಣಿನ ಭಾರಕ್ಕೆ ಒಡೆದು ಚೂರಾಗುತ್ತದೆ. ಕೆಳದವಡೆ ಗಟ್ಟಿ ಎಲುಬು. ಹಲ್ಲುಗಳನ್ನು ಹಿಡಿದುಕೊಂಡೇ ಸಾವಿರಾರು ವರ್ಷ ಉಳಿಯುತ್ತದೆ.

ಆದರೆ ಸಿಕ್ಕ ದವಡೆ ನಾಯಿಯದೇ ಎಂದು ಹೇಳುವುದು ಹೇಗೆ? ಸೀಳುನಾಯಿಯಾದರೆ ಎಣಿಸಿದರೆ ಸಾಕು. ಅದರ ಕೆಳದವಡೆಯ ಒಂದೊಂದು ಪಕ್ಕದಲ್ಲಿ ಹಿಂದವಡೆಯ ಹಲ್ಲು ಎರಡೇ. ನಾಯಿ, ತೋಳ, ನರಿಗಳಿಗೆ ಮೂರು. ನರಿಯ ದವಡೆ ಸಪೂರವಾದದ್ದು. ಕಷ್ಟ ಬರುವುದು ತೋಳದಲ್ಲಿ. ಯುರೋಪಿನ ತೋಳ ದೊಡ್ಡ ಪ್ರಾಣಿ; ಅಲ್ಲಿ ಚಿಕ್ಕ ದವಡೆ ಸಿಕ್ಕರೆ ನಾಯಿಯದೆನ್ನಲು ಧೈರ್ಯ ಬರುತ್ತದೆ. ದಖ್ಖನಿನ ತೋಳವೋ ಮೈಯಲ್ಲೇ ಸಣ್ಣದು. ಇಲ್ಲಿ ಉದ್ದಗಲವನ್ನಷ್ಟೇ ನಂಬಿದರೆ ತೋಳ ನಾಯಿಯಾಗಿಬಿಡುತ್ತದೆ.

ಒತ್ತೊತ್ತಾಗಿ ನಿಂತ ಹಲ್ಲುಗಳು ಸಾಕುನಾಯಿಯ ಗುರುತೆಂದು ಬಹುಕಾಲ ನಂಬಲಾಗಿತ್ತು. ತೋಳಗಳಲ್ಲೂ ಅದು ಕಂಡಿತು. ದವಡೆಯ ಹಿಂಬದಿಯಲ್ಲಿ ಮೇಲಕ್ಕೆದ್ದ ಕೊಂಬಿನಂಥ ಭಾಗದ ತುದಿ ಹಿಂದಕ್ಕೆ ಬಾಗಿದ್ದರೆ ಅದು ನಾಯಿ ಎಂದರು. 1977ರಲ್ಲಿ ಅದೇ ಬಾಗು ಚೀನಾದ ತೋಳಗಳಲ್ಲಿಯೂ ಇದೆಯೆಂದು ವರದಿಯಾಯಿತು.

ಆದ್ದರಿಂದ ಈಗ ಒಂದು ಗುರುತಿನ ಬದಲು ಇಡೀ ಆಕಾರವನ್ನೇ ಅಳೆಯುತ್ತಾರೆ. ದವಡೆಯ ಮೇಲೆ ನಿಶ್ಚಿತ ಬಿಂದುಗಳನ್ನು ಗುರುತಿಸಿ, ಗಾತ್ರದ ವ್ಯತ್ಯಾಸವನ್ನು ಬೇರೆ ಮಾಡಿ, ಉಳಿದ ರೂಪವನ್ನು ಕಂಪ್ಯೂಟರಿನಲ್ಲಿ ಹೋಲಿಸುವ ಕ್ರಮವಿದು. ಅಗಿಯುವ ಸ್ನಾಯುಗಳು ಅಂಟುವುದು ದವಡೆಗೇ. ಹೀಗಾಗಿ ಕಚ್ಚುವ ಬಲದ ಅಂದಾಜೂ ಅದರಿಂದ ದೊರೆಯುತ್ತದೆ. ಯುರೋಪಿನಲ್ಲಿ ಕ್ರಿ.ಪೂ. 8100ರಿಂದ 3000ರವರೆಗಿನ 525 ನಾಯಿದವಡೆಗಳನ್ನು ಹೀಗೆ ಹೋಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಆಗಲೇ ನಾಯಿಗಳಲ್ಲಿ ಸಾಕಷ್ಟು ವೈವಿಧ್ಯವಿತ್ತು. ಆದರೆ ಇಂದಿನ ಅತಿ ಮೋಟುಮೂತಿಯ, ಅತಿ ನೀಳಮೂತಿಯ ನಾಯಿಗಳಿಗೆ ಸಮನಾದವು ಇರಲಿಲ್ಲ.

ದವಡೆಯ ಮಹಿಮೆ ತಿಳಿಯಲು ಜರ್ಮನಿಯ ಓಬರ್‌ಕಾಸೆಲ್ ಸಾಕು. 1914ರಲ್ಲಿ ಕಲ್ಲುಗಣಿಯೊಂದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಸಮಾಧಿ ಸಿಕ್ಕಿತು. ಜೊತೆಗೆ ಪ್ರಾಣಿಯೊಂದರ ಎಲುಬುಗಳೂ ಇದ್ದವು. ಅದರ ದವಡೆ ನಾಯಿಯದೆಂದು ಯಾರಾದರೂ ಗುರುತಿಸಲು 1970ರ ದಶಕದ ಕೊನೆಯವರೆಗೆ ಕಾಯಬೇಕಾಯಿತು! ಸುಮಾರು 14,000 ವರ್ಷ ಹಿಂದಿನ ಆ ಮರಿಗೆ ಭಾರೀ ರೋಗ ಬಂದಿತ್ತೆಂದು ಹಲ್ಲುಗಳ ಎನಾಮಲ್ ಹೇಳಿತು. ಡಿಸ್ಟೆಂಪರ್ ಇದ್ದಿರಬೇಕೆಂದು 2018ರಲ್ಲಿ ತಜ್ಞರು ಬರೆದರು. ಬೇಟೆಗೆ ಬಾರದ ಮರಿಯನ್ನು ವಾರಗಟ್ಟಲೆ ಯಾರೋ ಆರೈಕೆ ಮಾಡಿದ್ದರು.

ನಮ್ಮ ದೇಶದಲ್ಲಿ ಕಾಶ್ಮೀರದ ಬುರ್ಜಹೋಮ್‌ನಲ್ಲಿ ಮನುಷ್ಯರೊಡನೆ ನಾಯಿಗಳನ್ನು ಹೂಳಿದ್ದು ಕಂಡಿದೆ. ಕರ್ನಾಟಕದ ನವಶಿಲಾಯುಗದ ನೆಲೆಗಳ ಎಲುಬಿನ ಪಟ್ಟಿಗಳಲ್ಲಿ ದನಗಳದೇ ರಾಜ್ಯಭಾರ. ಕುರಿ, ಆಡು ಆಮೇಲೆ. ನಾಯಿ ಎಲ್ಲೋ ಮೂಲೆಯಲ್ಲಿ. ಹಾವೇರಿ ಜಿಲ್ಲೆಯ ಹಳ್ಳೂರಿನ ಎಲುಬುಗಳನ್ನು ಪರೀಕ್ಷಿಸಿದವರು ಪಶುವೈದ್ಯ ಕೆ.ಆರ್. ಆಲೂರ. 1971ರ ವರದಿಯಲ್ಲಿ ಅವರು ಗುರುತಿಸಿದ ಕುದುರೆ ದಶಕಗಳ ವಾದಕ್ಕೆ ಕಾರಣವಾಯಿತು. ನಾಯಿಗೆ ಆ ಭಾಗ್ಯವಿಲ್ಲ.

ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಉತ್ಖನನ ನಡೆಸಿ, ಸಗಣಿ ಸುಟ್ಟ ಬೂದಿದಿಬ್ಬದ ಬಳಿ ಪ್ರಾಣಿಗಳನ್ನು ಕಡಿದು ಪಾಲು ಮಾಡುತ್ತಿದ್ದ ನೆಲವನ್ನೇ ತೆರೆದು ತೋರಿಸಿದರು. ಎಲುಬುಗಳು ಇದ್ದಲ್ಲೇ ಇದ್ದುದರಿಂದ ಅದು ಸಾಧ್ಯವಾಯಿತು. ಎಷ್ಟೋ ಕಡೆ ಇಂಥ ದಿಬ್ಬಗಳ ಬೂದಿಯನ್ನು ಗೊಬ್ಬರವೆಂದು ಹೊಲಗಳಿಗೆ ಹೇರಿದ್ದುಂಟು. ಹಾಗೆ ಹೊಲ ಸೇರಿದ ದವಡೆಯ ಹಲ್ಲು ಎಣಿಸಬಹುದು, ಬಾಗು ಅಳೆಯಬಹುದು. ಅದರ ಪಕ್ಕದಲ್ಲಿ ಯಾರಿದ್ದರು, ಮೇಲೆ ಎಷ್ಟು ಬೂದಿಯಿತ್ತು ಎಂಬುದು ಮಾತ್ರ ಬಂಡಿಯೊಡನೆಯೇ ಹೋಗಿರುತ್ತದೆ.