ಸಾಕ್ಷ್ಯಕ್ಕೆ ಸ್ವಪಕ್ಷವಿಲ್ಲ

(ಭಾಷಣದ ಬರಹರೂಪ)



ಅಮೇರಿಕದ ತನಿಖಾ ಪತ್ರಕರ್ತೆ ಏಮಿ ಗುಡ್‌ಮ್ಯಾನ್ 1996ರಲ್ಲಿ ಆರಂಭವಾದ 'ಡೆಮಾಕ್ರಸಿ ನೌ' ಕಾರ್ಯಕ್ರಮದ ನಿರೂಪಕಿ. ರೇಡಿಯೋದಲ್ಲಿ ಹುಟ್ಟಿದ ಅದು 2001ರಲ್ಲಿ ಟಿ.ವಿ.ಗೂ ಬಂತು. ಜಾಹೀರಾತಿನ ಹಣವನ್ನಾಗಲಿ ಸರಕಾರದ ಹಣವನ್ನಾಗಲಿ ಅದು ಪಡೆಯುವುದಿಲ್ಲ. 2003ರಲ್ಲಿ ಆ ದೇಶದ ದೊಡ್ಡ ವಾಹಿನಿಗಳು ನಿವೃತ್ತ ಸೇನಾಧಿಕಾರಿಗಳನ್ನು ಕೂರಿಸಿಕೊಂಡು ಇರಾಕ್ ಯುದ್ಧವನ್ನು ವಿವರಿಸುತ್ತಿದ್ದಾಗ, ಇವರು ಯುದ್ಧವಿರೋಧಿಗಳ ದನಿಗೆ ವೇದಿಕೆಯಾದರು. ಯಹೂದಿ ಮನೆತನದಲ್ಲಿ ಹುಟ್ಟಿಯೂ ಫೆಲೆಸ್ತೀನಿಯರ ಅಳಲನ್ನು ಜಗತ್ತಿಗೆ ಕೇಳಿಸಿದರು. ಹೀಗಾಗಿ ಅವರನ್ನು ಮೆಚ್ಚುವುದು ನಮಗೆ ಸುಲಭ. ಆದರೆ ಅವರ ವೃತ್ತಿಜೀವನದ ಇನ್ನೊಂದು ಅಧ್ಯಾಯವು ನಮ್ಮ ನ್ಯಾಯನಿಷ್ಠೆಯನ್ನೇ ಪರೀಕ್ಷೆಗೊಡ್ಡುತ್ತದೆ.

ಇಂಡೋನೇಷ್ಯವು 1975ರಲ್ಲಿ ಆಕ್ರಮಿಸಿಕೊಂಡ ಪೂರ್ವ ತೈಮೂರ್‌ನ ಬಹುತೇಕ ಜನರು ಕೆಥೋಲಿಕ್ ಕ್ರೈಸ್ತರು. 1991ರ ನವೆಂಬರ್ 12ರಂದು, ಹತನಾಗಿದ್ದ ಯುವಕನೊಬ್ಬನ ಸ್ಮರಣಾರ್ಥ ಸಾವಿರಾರು ಮಂದಿ ದಿಲಿ ನಗರದ ಸಾಂತಾ ಕ್ರೂಜ್ ಸ್ಮಶಾನಕ್ಕೆ ಮೆರವಣಿಗೆಯಲ್ಲಿ ಬಂದಿದ್ದರು. ಸೇನೆಯು ಆ ನಿರಾಯುಧರ ಮೇಲೆ ಗುಂಡಿನ ಮಳೆಗರೆಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜೀವಗಳು ಬಲಿಯಾದವು. ವಿದೇಶಿ ಪತ್ರಕರ್ತರನ್ನು ಕಂಡಾದರೂ ಸೈನಿಕರು ಹಿಂಜರಿದಾರೆಂದು ಮುಂದೆ ನಿಂತ ಗುಡ್‌ಮ್ಯಾನ್ ಮತ್ತು ಸಹೋದ್ಯೋಗಿ ಅಲನ್ ನೇರ್ನ್ ಅವರನ್ನೂ ಥಳಿಸಲಾಯಿತು. ಬಂದೂಕಿನ ಹಿಡಿಯೇಟಿಗೆ ನೇರ್ನ್‌ರ ತಲೆಬುರುಡೆ ಬಿರುಕು ಬಿಟ್ಟಿತು. ಆ ಬಂದೂಕುಗಳು ಅಮೇರಿಕದವು. ಇಬ್ಬರೂ ಕಂಡದ್ದನ್ನು ಜಗತ್ತಿಗೆ ಸಾರಿದರು. ತಮ್ಮದೇ ಸರಕಾರ ಒದಗಿಸಿದ ಆಯುಧಗಳ ಕಥೆಯನ್ನೂ ಮುಚ್ಚಿಡಲಿಲ್ಲ. 1999ರ ಜನಮತಗಣನೆಯ ಬಳಿಕ, 2002ರಲ್ಲಿ ಪೂರ್ವ ತೈಮೂರ್ ಸ್ವತಂತ್ರವಾಯಿತು.

ಬಾಗ್ದಾದಿನ ಬಗ್ಗೆ ಗುಡ್‌ಮ್ಯಾನ್‌ರ ವರದಿಯನ್ನು ಹೆಮ್ಮೆಯಿಂದ ಉದ್ಧರಿಸುವ ನಾವು ದಿಲಿಯ ವರದಿಯನ್ನೂ ಉದ್ಧರಿಸಬಲ್ಲೆವೇ? ಗುಂಡು ಹಾರಿಸಿದ್ದು ಮುಸ್ಲಿಮ್ ಬಹುಸಂಖ್ಯಾತ ದೇಶದ ಸೇನೆಯಲ್ಲವೇ ಎಂಬ ಅಳುಕು ನಮ್ಮ ನಾಲಿಗೆಯನ್ನು ಕಟ್ಟಬಾರದು. ತಮಗೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ಸತ್ಯಸಾಕ್ಷ್ಯ ನುಡಿಯಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ವಿಶ್ವಾಸಿಗಳಿಗೆ ಆದೇಶಿಸಿದೆ. ಅಲ್ಲಿ 'ನಮ್ಮವರು' ಎಂಬ ವಿನಾಯಿತಿ ಇಲ್ಲ.

ಮರ್ದಕನಿಗೂ 'ನಮ್ಮವರು' ಎಂಬುದಿಲ್ಲ. ಅದೇ ಸುಹಾರ್ತೋರ ಸೇನೆ 1984ರಲ್ಲಿ ಜಕಾರ್ತದ ತಂಜುಂಗ್ ಪ್ರಿಯೋಕ್‌ನಲ್ಲಿ ಪ್ರತಿಭಟನಾನಿರತ ಮುಸ್ಲಿಮರ ಮೇಲೆಯೇ ಗುಂಡು ಹಾರಿಸಿತ್ತು. ನೆರೆಯವನ ಮೇಲಿನ ದೌರ್ಜನ್ಯಕ್ಕೆ ಮೌನ ವಹಿಸಿದ ಸಮಾಜವು ತನ್ನ ಸರದಿ ಬಂದಾಗ ಯಾರ ಸಾಕ್ಷ್ಯವನ್ನು ಬೇಡೀತು?

ಗುಡ್‌ಮ್ಯಾನ್ 1998ರಲ್ಲಿ ನೈಜೀರಿಯದ ಸೈನಿಕರನ್ನು ಶೆವ್ರಾನ್ ತೈಲ ಕಂಪೆನಿಯ ಹೆಲಿಕಾಪ್ಟರುಗಳು ಸಾಗಿಸಿದ್ದನ್ನೂ, ಆ ಸೈನಿಕರ ಗುಂಡಿಗೆ ಇಬ್ಬರು ಪ್ರತಿಭಟನಾಕಾರರು ಬಲಿಯಾದುದನ್ನೂ ಬಯಲಿಗೆಳೆದರು. 2016ರಲ್ಲಿ ಉತ್ತರ ಡಕೋಟದಲ್ಲಿ ಮೂಲನಿವಾಸಿಗಳ ಮೇಲೆ ನಾಯಿಗಳನ್ನು ಛೂ ಬಿಟ್ಟುದನ್ನು ಚಿತ್ರೀಕರಿಸಿದ್ದಕ್ಕೆ ಅವರ ಮೇಲೆ ದೊಂಬಿಯ ಆರೋಪ ಹೊರಿಸಲಾಯಿತು. ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ಮರ್ದಿತನ ಧರ್ಮ ಯಾವುದೆಂದು ಅವರು ಎಲ್ಲಿಯೂ ಮೊದಲು ಕೇಳಲಿಲ್ಲ.

ನಮ್ಮ ಯುವಕರು ಪತ್ರಿಕೋದ್ಯಮಕ್ಕೆ ಬರಬೇಕು. ಆದರೆ ಸಮುದಾಯದ ವಕೀಲರಾಗಿ ಅಲ್ಲ, ನ್ಯಾಯದ ಸಾಕ್ಷಿಗಳಾಗಿ ಬರಲಿ. ಸಮುದಾಯದ ಗೌರವವೂ ಅದರಲ್ಲೇ ಅಡಗಿದೆ.